ಬೋರ್ಡಿಲ್ಲದ ವೆಲ್ಡಿಂಗ್ ಶಾಪ್, ಶಿರಸಿ: ಕಾರಿನ ಬ್ರಾಕೆಟ್ ಮಾಡ್ಸೋರಿಗೆ

ಶಿರಸೀಲಿ ಬನವಾಸಿ ರೋಡ್ ಕಡೆ ಒಂದು ವೆಲ್ಡಿಂಗ್ ಶಾಪ್ ಇದೆ, ಬೋರ್ಡ್ ಗೀರ್ಡ್ ಎಂತದೂ ಇಲ್ಲ, ಎದುರಿಗೆ ಯಾವಾಗ್ಲೂ ಒಂದೆರಡು ಅಡಿಕೆ ಸುಲಿಯೋ ಮಷೀನ್ ಬಿಚ್ಚಿ ಹರವಿಟ್ಟಿರ್ತಾರೆ, ಅದೇ ಗುರುತು. ನಾನು ಮನೇಲಿ ಲೋಟಸ್ ಸೆವೆನ್ (ಇಂಗ್ಲೆಂಡಿನ ಹಳೇ ಕಾಲದ ಪುಟ್ಟ ಸ್ಪೋರ್ಟ್ಸ್ ಕಾರು) ಥರದ್ದೊಂದು ಗಾಡಿ ಕಟ್ತಾ ಇದೀನಿ, ಹಳೇ ಓಮ್ನಿಯ 796 ಸಿಸಿ ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲಾ ಅದ್ರದ್ದೇ. (ರಿಜಿಸ್ಟ್ರೇಶನ್ ಬಗ್ಗೆ ಕೇಳ್ಬೇಡಿ ಮಾರಾಯ್ರೆ, ಇದು ತೋಟದ ರಸ್ತೇಲಿ ಓಡ್ಸೋಕೆ ಅಷ್ಟೇ.) ಓಮ್ನಿ ಇಂಜಿನ್ ಉದ್ದಕ್ಕೆ ಕೂತು ಶಾಫ್ಟ್ ಹಿಂದಿನ ಗಾಲಿಗೆ ಹೋಗೋದ್ರಿಂದ ಈ ಥರದ ಗಾಡಿಗೆ ಚೆನ್ನಾಗಿ ಹೊಂದುತ್ತೆ, ಆದ್ರೆ ಬ್ರಾಕೆಟ್ ಮಾತ್ರ ಒಂದೂ ಹೊಂದಲ್ಲ, ಎಲ್ಲಾ ಹೊಸದಾಗಿ ಮಾಡ್ಸ್ಬೇಕು.

ಬೇರೆ ಕಡೆ ಕೇಳಿದ್ರೆ ಗೇಟಿನ ರೇಟ್ ಹೇಳಿದ ಹಾಗೆ ಕೆಜಿ ಲೆಕ್ಕ ಹೇಳ್ತಾರೆ. ಇಲ್ಲಿಯ ಯಜಮಾನ್ರು ಮೊದ್ಲು ಕೇಳಿದ್ದು ಜೋರು ಯಾವ ಕಡೆಯಿಂದ ಬೀಳುತ್ತೆ ಅಂತ. ನಾನು ಬ್ರೇಕ್ ಪೆಡಲಿನ ಬ್ರಾಕೆಟ್ಟಿಗೆ ರಟ್ಟಲ್ಲಿ ಕತ್ತರಿಸಿದ ಅಳತೆ ತಗೊಂಡು ಹೋಗಿದ್ದೆ, 3 ಎಂಎಂ ಪ್ಲೇಟ್ ಸಾಕು ಅಂತ ಇದ್ದೆ. ಅವ್ರು ರಟ್ಟನ್ನ ಬೆಂಚಿನ ಅಂಚಿಗಿಟ್ಟು ಹೆಬ್ಬೆರಳಲ್ಲಿ ಒತ್ತಿ ಎಲ್ಲಿ ಮಡಿಚುತ್ತೆ ಅಂತ ತೋರ್ಸಿ, "ತಮಾ, ಇಲ್ಲೊಂದು ಮೂಲೆ ಪಟ್ಟಿ ಹಾಕವು, ಇಲ್ದೇ ಹೋದ್ರೆ ಸೀಳ್ತು" ಅಂದ್ರು. ಲೆಕ್ಕ ಹಾಕಿದ್ರೆ ಹೌದು, 5:1 ಪೆಡಲ್ ಅಂದ್ರೆ ಕಾಲಿನ ಜೋರನ್ನ ಐದು ಪಟ್ಟು ಮಾಡುತ್ತೆ, ಗಾಬರೀಲಿ ಕಾಲಿಂದ 50 ಕೆಜಿ ಒತ್ತಿದ್ರೂ ಬ್ರೇಕ್ ಎಣ್ಣೆ ಒತ್ತೋ ಮಾಸ್ಟರ್ ಸಿಲಿಂಡರ್ ಹತ್ರ 250 ಕೆಜಿ, ಅಷ್ಟನ್ನೂ ಆ ತಗಡೇ ತಡೀಬೇಕು, ತಗಡು ಬಗ್ಗಿದ್ರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ ಬ್ರೇಕ್ ಮಾತ್ರ ಹಿಡಿಯಲ್ಲ. ಕೊನೆಗೆ 5 ಎಂಎಂ ಪ್ಲೇಟು, ಎರಡೂ ಬದಿ ತ್ರಿಕೋನದ ಪಟ್ಟಿ, ಫೈರ್‌ವಾಲ್ (ಇಂಜಿನ್ನಿಗೂ ಕೂರೋ ಜಾಗಕ್ಕೂ ನಡುವಿನ ತಗಡಿನ ಗೋಡೆ) ಹಿಂದೆ ಇನ್ನೊಂದು ಅಗಲದ ಪ್ಲೇಟು. ಈಗ ಎರಡೂ ಕಾಲಲ್ಲಿ ತುಳಿದ್ರೂ ಅಲ್ಲಾಡಲ್ಲ. ದಿನಾ ನಡುಗೋ ಮಷೀನ್ ರಿಪೇರಿ ಮಾಡೋರಿಗೆ ಬಿರುಕು ಎಲ್ಲಿಂದ ಶುರು ಆಗುತ್ತೆ ಅಂತ ಕಣ್ಣಲ್ಲೇ ಗೊತ್ತಾಗುತ್ತೆ ಅನ್ಸುತ್ತೆ.

ಟೂಲ್ ಕೂಡ ಮಾಡಿಕೊಡ್ತಾರೆ. ಲೀಫ್ ಸ್ಪ್ರಿಂಗಿನ ರಬ್ಬರ್ ಬುಷ್ ತೆಗಿಯೋಕೆ ಒಂದು ದಪ್ಪ ಪೈಪಿನ ತುಂಡು, ಎಂ12 ಥ್ರೆಡ್ ರಾಡ್, ನಾಲ್ಕು ವಾಷರ್, ಎರಡು ನಟ್, ಅಷ್ಟೇ, ಸ್ಪ್ಯಾನರ್ ತಿರುಗ್ಸಿದ್ರೆ ಬುಷ್ ತಾನಾಗೇ ಈಚೆ ಬರುತ್ತೆ. ಥ್ರೆಡ್ಡಿಗೆ ಗ್ರೀಸ್ ಹಚ್ಚೋದು ಮರೀಬೇಡಿ.

ಇನ್ನು ತಕರಾರು. ಆಲ್ಟರ್ನೇಟರ್ ಬೆಲ್ಟ್ ಬಿಗಿ ಮಾಡೋ ಪಟ್ಟೀಲಿ ಬೋಲ್ಟ್ ಜರುಗೋ ಉದ್ದನೆ ಸ್ಲಾಟ್ ಇರುತ್ತಲ್ಲ, ಅದು ಕೆಳಗಿನ ಬೋಲ್ಟನ್ನ ಕೇಂದ್ರ ಮಾಡ್ಕೊಂಡು ಬಿಲ್ಲಿನಂಗೆ ಬಾಗಿರ್ಬೇಕು, ಅವ್ರ ಹುಡುಗ ಎರಡು ತೂತು ಹೊಡೆದು ನಡುವೆ ನೆಟ್ಟಗೆ ಅರ ಹಾಕಿ ಕೊಟ್ಟಿದಾನೆ, ಅರ್ಧಕ್ಕೇ ಬೋಲ್ಟ್ ಸಿಕ್ಕಿಹಾಕ್ಕೊಳ್ತು. ಮತ್ತೆ ಇಂಜಿನ್ ಮೌಂಟ್ ವೆಲ್ಡ್ ಆದ್ಮೇಲೆ ಸೊಟ್ಟ ಎದ್ದು ಬ್ಲಾಕಿಗೂ ಅದಕ್ಕೂ ನಡುವೆ ಬೆಳಕು ಕಾಣ್ತಿತ್ತು, ಬಿಸಿಗೆ ಎಳೆಯೋದು ಸಹಜ, ದಪ್ಪ ಪ್ಲೇಟಿಗೆ ಬೋಲ್ಟ್ ಮಾಡಿ ವೆಲ್ಡ್ ಮಾಡಿದ್ರೆ ಇಷ್ಟಾಗ್ತಿರ್ಲಿಲ್ಲ. ಕೇಳಿದ್ದಕ್ಕೆ ಬೇಜಾರು ಮಾಡ್ಕೊಳ್ದೆ ಎರಡೂ ಸರಿ ಮಾಡ್ಕೊಟ್ರು, ದುಡ್ಡೂ ತಗೊಳ್ಳಲಿಲ್ಲ, ಆದ್ರೆ ಅಷ್ಟು ದಿನ ಹೋಯ್ತಲ್ಲ. ಹಾಗಾಗಿ ಜೋಡಿಸೋ ಭಾಗನೂ ಜೊತೇಲೇ ಒಯ್ಯಿರಿ, ಬರೀ ಅಳತೆ ಬರೆದ ಚೀಟಿ ಕೊಟ್ಟು ಬರ್ಬೇಡಿ.

ಫಿನಿಶಿಂಗ್ ಬರೀ ರೆಡ್ ಆಕ್ಸೈಡ್, ಅದೂ ವೆಲ್ಡಿನ ಕರಿ ಪೂರ್ತಿ ಉಜ್ಜದೇ ಬಳೀತಾರೆ. ನಮ್ಮ ಮಳೇಲಿ ಅದು ನಿಲ್ಲೋದಲ್ಲ, ಕುಮಟಾ ಕಾರವಾರ ಕಡೆಯೋರಾದ್ರೆ ಉಪ್ಪು ಗಾಳಿಗೆ ಇನ್ನೂ ಬೇಗ. ನಾನು ತುಕ್ಕು ಹಿಡೀದಂಗೆ ಜಿಂಕ್ ಲೇಪ ಹಾಕ್ಸೋಕೆ ಹುಬ್ಬಳ್ಳಿಗೆ ಕಳಿಸ್ದೆ.

ಅಡಿಕೆ ಕೊಯ್ಲಿನ ಟೈಮಲ್ಲಿ ಹೋಗ್ಲೇಬೇಡಿ, ಸುಲಿಯೋ ಮಷೀನ್ ತಂದೋರಿಗೇ ಮೊದಲ ಪಾಳಿ. ಮಳೆಗಾಲದಲ್ಲಿ ಪುರ್ಸೊತ್ತಾಗಿ ಮಾತಾಡ್ತಾರೆ, ಆಗ ಹೆಸ್ಕಾಂ ಕರೆಂಟ್ ಇರಬೇಕು ಅಷ್ಟೇ.