ವಾರಕ್ಕೊಂದು ಪಾಠ, ವಾರಕ್ಕೊಂದು ಗುಣ: ಮಗಳ ತರಗತಿಗೆ ನನ್ನ ರಿವ್ಯೂ

ಐದಕ್ಕೆ ನಾಲ್ಕು ಅಂಕ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಳಗೆ ದೂರುಗಳೂ ಇವೆ. ಅವನ್ನು ಓದಿ ಇಂಥದ್ದು ನಮ್ಮ ಮಕ್ಕಳಿಗೆ ಬೇಡ ಅಂದುಕೊಳ್ಳಬೇಡಿ. ಕಳೆದ ಆ ಒಂದು ಅಂಕದಲ್ಲಿ ಜಾಸ್ತಿ ಪಾಲು ಗೋಡೆ ಮೇಲಿರುವ ಸ್ಟಾರ್ ಚಾರ್ಟ್‌ನದು.

ಮಗಳು ಮೂರನೇ ತರಗತಿ. ಪ್ರತಿ ಸೋಮವಾರ ಅವಳ ಬ್ಯಾಗಿನಲ್ಲಿ ಒಂದು ಹಾಳೆ ಬರುತ್ತದೆ. ಈ ವಾರ ಓದುವ ಕಥೆ ಯಾವುದು, ಗಣಿತದಲ್ಲಿ ಏನು ನಡೆಯುತ್ತದೆ, ಉಕ್ತಲೇಖನಕ್ಕೆ ಯಾವ ಪದಗಳು, ಮತ್ತೆ ಈ ವಾರದ ಗುಣ ಯಾವುದು ಅಂತ ಅದರಲ್ಲಿರುತ್ತದೆ. ಪ್ರಾಮಾಣಿಕತೆ, ತಾಳ್ಮೆ, ಗಮನ ಕೊಟ್ಟು ಕೇಳುವುದು, ಜವಾಬ್ದಾರಿ, ಧೈರ್ಯ, ಹೀಗೆ ವಾರಕ್ಕೊಂದು. ಶುಕ್ರವಾರ ಒಂದು ಸಣ್ಣ ಟೆಸ್ಟ್. ಅದಾದ ಮೇಲೆ ಎಲ್ಲರೂ ನೆಲದ ಮೇಲೆ ಸುತ್ತ ಕೂತು ಮಾತಾಡುತ್ತಾರೆ. ಹೊರಗಿನಿಂದ ನೋಡಿದರೆ ಇಷ್ಟೇ.

ಒಳ್ಳೆಯ ಮಾತನ್ನು ಗೋಡೆ ಮೇಲೆ ಬರೆದು ಹಾಕುವುದರಲ್ಲಿ ಹೊಸದೇನಿಲ್ಲ, ಅಲ್ವಾ? ಎಷ್ಟೋ ಶಾಲೆಗಳಲ್ಲಿ ಅದು ಇದೆ. ಮಕ್ಕಳು ಮೊದಲ ದಿನ ಓದುತ್ತಾರೆ, ಮರುದಿನದಿಂದ ಅದು ಕಣ್ಣಿಗೇ ಬೀಳುವುದಿಲ್ಲ. ಈ ತರಗತಿಯಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಆ ವಾರದ ಗುಣಕ್ಕೆ ಅಂತ ಬೇರೆ ಪೀರಿಯಡ್ ಇಲ್ಲ. ಅದು ಆ ವಾರದ ಪಾಠದ ಒಳಗೇ ಬರುತ್ತದೆ.

ಪ್ರಾಮಾಣಿಕತೆಯ ವಾರ ಗಣಿತದಲ್ಲಿ ಕಳೆಯುವ ಲೆಕ್ಕ ನಡೆಯುತ್ತಿತ್ತು. ಟೀಚರ್ ಒಂದೇ ನಿಯಮ ಹಾಕಿದರು. ತಪ್ಪಾದ ಉತ್ತರವನ್ನು ರಬ್ಬರ್ ಹಾಕಿ ಅಳಿಸುವ ಹಾಗಿಲ್ಲ. ಅದು ಹಾಗೇ ಇರಲಿ, ಪಕ್ಕದಲ್ಲಿ ಹಸಿರು ಪೆನ್ಸಿಲ್‌ನಲ್ಲಿ ಸರಿ ಉತ್ತರ ಬರೆಯಿರಿ, ಎಲ್ಲಿ ಎಡವಿದಿರಿ ಅಂತ ಒಂದು ಸಾಲು ಸೇರಿಸಿ ಅಂದರು. ಅಷ್ಟೇ. ಸತ್ಯದ ಬಗ್ಗೆ ಭಾಷಣ ಇಲ್ಲ. ಆದರೆ ಒಂದು ಮಗುವಿಗೆ ತನ್ನ ತಪ್ಪನ್ನು ಪುಸ್ತಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಬಿಡುವುದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತಿದೆ. ಮೊದಲೆರಡು ದಿನ ಮಗಳು ಕೈ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದಳು. ವಾರದ ಕೊನೆಗೆ ತಾನಾಗಿಯೇ ಪುಸ್ತಕ ತಂದು ತೋರಿಸಿ, ನೋಡು, ಇಲ್ಲಿ ಹತ್ತರ ಸ್ಥಾನದಿಂದ ತಗೊಂಡಿದ್ದನ್ನು ಮರೆತಿದ್ದೆ ಅಂದಳು. ಲೆಕ್ಕವೂ ಬಂತು, ಗುಣವೂ ಬಂತು. ಎರಡಕ್ಕೂ ಒಂದೇ ಹಸಿರು ಪೆನ್ಸಿಲ್ ಸಾಕಾಯಿತು.

ಕೇಳುವ ವಾರದಲ್ಲಿ ಜೋಡಿ ಓದು. ಒಬ್ಬರು ಒಂದು ಪ್ಯಾರಾ ಓದಬೇಕು. ಇನ್ನೊಬ್ಬರು ತಮ್ಮ ಮಾತಿನಲ್ಲಿ ಅದನ್ನು ಮೊದಲು ಹೇಳಿ, ಆಮೇಲೆ ಮಾತ್ರ ಪ್ರಶ್ನೆ ಕೇಳಬೇಕು. ಧೈರ್ಯದ ವಾರ ಅಂದರೆ ಎತ್ತರದಿಂದ ಜಿಗಿಯುವುದಲ್ಲ, ನನಗೆ ಇದು ಅರ್ಥ ಆಗಲಿಲ್ಲ ಅಂತ ಎಲ್ಲರ ಮುಂದೆ ಕೈ ಎತ್ತುವುದು. ಇದನ್ನು ಯೋಚಿಸಿದ ಟೀಚರ್‌ಗೆ ನಾನು ನಿಜಕ್ಕೂ ಋಣಿ.

ಪಾಠದೊಳಗೇ ಬರಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಅನ್ನುವ ಸಂಶೋಧಕರು ಹತ್ತು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ಗಮನಿಸಿದರು. ಟೆಸ್ಟ್‌ನಲ್ಲಿ, ಆಟದಲ್ಲಿ, ಮನೆಯಲ್ಲಿ ಮಾಡುವ ಕೆಲಸದಲ್ಲಿ ಮಕ್ಕಳಿಗೆ ಮೋಸ ಮಾಡುವ ಅವಕಾಶ ಇಟ್ಟು ನೋಡಿದರು. ಮಕ್ಕಳನ್ನು ಪ್ರಾಮಾಣಿಕರು, ಮೋಸಗಾರರು ಅಂತ ಎರಡು ಗುಂಪು ಮಾಡಲು ಆಗಲಿಲ್ಲ. ಒಂದು ಕಡೆ ನೇರವಾಗಿ ನಡೆದುಕೊಂಡ ಮಗು ಇನ್ನೊಂದು ಕಡೆ ಉತ್ತರ ನೋಡಿ ಬರೆಯುತ್ತಿತ್ತು. ಸರಿ ತಪ್ಪು ಯಾವುದು ಅಂತ ಚೆನ್ನಾಗಿ ಹೇಳಬಲ್ಲ ಮಗು ಹಾಗೇ ನಡೆದುಕೊಳ್ಳುತ್ತದೆ ಅನ್ನುವ ಖಾತ್ರಿಯೂ ಇರಲಿಲ್ಲ. ಅಂದರೆ ಪ್ರಾಮಾಣಿಕತೆಯ ಅರ್ಥ ಬಾಯಿಪಾಠ ಮಾಡಿಸಿದರೆ ಸಾಲದು. ಲೆಕ್ಕ ಮಾಡುವಾಗ, ಆಡುವಾಗ, ಗುಂಪಿನಲ್ಲಿ ಕೆಲಸ ಮಾಡುವಾಗ, ಒಂದೊಂದು ಕಡೆಯೂ ಅದನ್ನು ಬೇರೆ ಬೇರೆಯಾಗಿ ರೂಢಿ ಮಾಡಿಸಬೇಕು. ಹಸಿರು ಪೆನ್ಸಿಲ್ ಮಾಡುವುದು ಅದನ್ನೇ.

ಇನ್ನು ಶುಕ್ರವಾರ. ಈ ಕಾರ್ಯಕ್ರಮದಲ್ಲಿ ನನಗೆ ಅತಿ ಇಷ್ಟವಾದ ದಿನ ಇದೇ.

ಬೆಳಗಿನ ಟೆಸ್ಟ್‌ಗೆ ಅಂಕ ಇಲ್ಲ. ಅದರಲ್ಲಿ ಈ ವಾರದ ಪದಗಳ ಜೊತೆ ಹಿಂದಿನ ವಾರಗಳ ಕೆಲವು ಪದ, ಹಳೆಯ ಎರಡು ಮೂರು ಲೆಕ್ಕ ಸೇರಿರುತ್ತವೆ. ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಬೇಕು, ಆಮೇಲೆ ತಾವೇ ತಿದ್ದಿಕೊಳ್ಳಬೇಕು. ಕೆಲವು ಪೋಷಕರು ಅಂಕ ಇಲ್ಲದ ಟೆಸ್ಟ್ ಯಾಕೆ ಅಂತ ಕೇಳಿದರು. ನನ್ನ ಪ್ರಕಾರ ಟೆಸ್ಟ್ ಇರಬೇಕಾದದ್ದೇ ಹೀಗೆ. 2006ರಲ್ಲಿ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕೆ ಅನ್ನುವ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಒಂದು ಪ್ರಯೋಗ ಪ್ರಕಟಿಸಿದ್ದರು. ಕೆಲವರು ಪಾಠವನ್ನು ಮತ್ತೆ ಓದಿದರು, ಕೆಲವರು ಓದಿದ್ದನ್ನು ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದರೆ ನೆನಪಿಸಿಕೊಂಡು ಬರೆದವರಿಗೆ ಜಾಸ್ತಿ ನೆನಪಿತ್ತು. ದೊಡ್ಡವರದ್ದಾಯಿತು, ಸರಿ. ಆದರೆ ಮನೆಯಲ್ಲಿ ನಾನೂ ಇದನ್ನೇ ನೋಡುತ್ತಿದ್ದೇನೆ, ಹಿಂದೆ ಕಲಿತ ಪದಗಳು ಅವಳಿಗೆ ಕೈ ಕೊಡುವುದು ಕಡಿಮೆಯಾಗಿದೆ.

ಟೆಸ್ಟ್ ಆದ ಮೇಲಿನ ಮಾತುಕತೆಗೂ ನಿಯಮಗಳಿವೆ. ನಾನು ಹೀಗೆ ಮಾಡಿದೆ ಅಂತ ತನ್ನ ಬಗ್ಗೆ ಹೇಳಿಕೊಳ್ಳುವ ಹಾಗಿಲ್ಲ. ಬೇರೆಯವರು ಮಾಡಿದ ಒಂದು ಕೆಲಸವನ್ನು, ಯಾವಾಗ ಎಲ್ಲಿ ಏನು ಅಂತ ಬಿಡಿಸಿ ಹೇಳಬೇಕು. ಅವಳು ಒಳ್ಳೆಯವಳು ಅಂದರೆ ಟೀಚರ್ ಒಪ್ಪುವುದಿಲ್ಲ, ಏನು ಮಾಡಿದಳು ಹೇಳು ಅನ್ನುತ್ತಾರೆ. ನನ್ನ ಸರದಿ ಬಂದಾಗ ಅವನು ಅವಸರ ಮಾಡದೆ ನಾನು ಓದಿ ಮುಗಿಸುವ ತನಕ ಕಾದ, ಇಂಥ ಮಾತುಗಳು ಬರುತ್ತವೆ. ಯಾರು ತಪ್ಪು ಮಾಡಿದರು ಅಂತ ಹೆಸರು ಹೇಳುವುದು ಪೂರ್ತಿ ಬಂದ್. ಜಗಳ ಆಗಿದ್ದರೆ ಅದನ್ನು ಟೀಚರ್ ಆ ಇಬ್ಬರ ಜೊತೆ ಪ್ರತ್ಯೇಕವಾಗಿ ಮಾತಾಡಿ ಮುಗಿಸುತ್ತಾರೆ. ಈ ನಿಯಮ ಇಲ್ಲದಿದ್ದರೆ ಇಂಥ ಸಭೆ ಪಂಚಾಯಿತಿಯಾಗಿಬಿಡುತ್ತದೆ, ಮೆತ್ತಗಿನ ಮಗು ಪ್ರತಿ ವಾರ ಅಪರಾಧಿಯಾಗಿ ನಿಲ್ಲಬೇಕಾಗುತ್ತದೆ. ಟೀಚರ್ ಕೂಡ ಮೇಜಿನ ಹಿಂದೆ ಇರುವುದಿಲ್ಲ, ಮಕ್ಕಳ ಜೊತೆ ನೆಲದ ಮೇಲೇ ಕೂರುತ್ತಾರೆ.

ಇನ್ನು ಸ್ಟಾರ್ ಚಾರ್ಟ್‌ಗೆ ಬರೋಣ. ಆ ವಾರದ ಗುಣ ತೋರಿಸಿದ ಮಗುವಿಗೆ ಒಂದು ಸ್ಟಾರ್. ಜಾಸ್ತಿ ಸ್ಟಾರ್ ಸಿಕ್ಕವರಿಗೆ ಶುಕ್ರವಾರ ಬ್ಯಾಡ್ಜ್. ಇದು ಶಾಲೆಯ ಎಲ್ಲ ತರಗತಿಗಳಿಗೂ ಮೇಲಿನಿಂದ ಬಂದ ನಿಯಮವಂತೆ, ಹಾಗಾಗಿ ಟೀಚರ್‌ರನ್ನು ದೂರುವುದಿಲ್ಲ. ಆದರೆ ಇದರಿಂದ ಆಗುತ್ತಿರುವುದನ್ನು ಹೇಳಲೇಬೇಕು. ಟೀಚರ್ ನೋಡದೆ ಇದ್ದಾಗ ಸಹಾಯ ಮಾಡಿದರೆ ಸ್ಟಾರ್ ಸಿಗುತ್ತಾ ಅಂತ ಮಗಳು ಕೇಳಿದಳು. ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ, ಚಾರ್ಟ್ ಕಲಿಸಿದ್ದೇ ಅದನ್ನು. ಕೆಳಗೆ ಬಿದ್ದ ಪೆನ್ಸಿಲ್ ಎತ್ತಿಕೊಡಲು ಮೂರು ಮಕ್ಕಳು ಒಟ್ಟಿಗೆ ಓಡುವುದು, ಸದ್ದಿಲ್ಲದೆ ಕೆಲಸ ಮಾಡುವ ಮಗುವಿನ ಹೆಸರಿನ ಮುಂದೆ ಜಾಗ ಖಾಲಿ ಇರುವುದು, ಚಾರ್ಟ್‌ನಲ್ಲಿ ಹಿಂದೆ ಬಿದ್ದ ಮಗು ತನ್ನನ್ನು ತಾನೇ ಒಳ್ಳೆಯ ಮಗು ಅಲ್ಲ ಅಂದುಕೊಳ್ಳುವುದು, ಇದೆಲ್ಲ ಗುಣ ಬೆಳೆಸುವ ದಾರಿ ಹೇಗಾಗುತ್ತದೆ?

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ನರ್ಸರಿ ಮಕ್ಕಳಿದ್ದರು. ಕೆಲವರಿಗೆ ಚಿತ್ರ ಬಿಡಿಸಿದರೆ ಬಹುಮಾನ ಅಂತ ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಬಹುಮಾನ ಇಲ್ಲ. ಸ್ವಲ್ಪ ದಿನ ಬಿಟ್ಟು ನೋಡಿದರೆ, ಬಹುಮಾನಕ್ಕಾಗಿ ಬಿಡಿಸಿದ್ದ ಮಕ್ಕಳಿಗೆ ಚಿತ್ರದ ಮೇಲಿನ ಆಸಕ್ತಿಯೇ ಕಡಿಮೆಯಾಗಿತ್ತು. ಮೊದಲೇ ಹೇಳದೆ ಬಹುಮಾನ ಪಡೆದವರಲ್ಲಿ ಹಾಗೆ ಆಗಿರಲಿಲ್ಲ. ಹಾಗಾಗಿ ಮೆಚ್ಚುಗೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಮೊದಲೇ ಆಸೆ ತೋರಿಸಿ, ಗೋಡೆ ಮೇಲೆ ಲೆಕ್ಕ ಇಡುವುದು ಬೇಡ ಅನ್ನುತ್ತಿದ್ದೇನೆ.

ಅದೇ ಟೀಚರ್ ಆಗಾಗ ಡೈರಿಯಲ್ಲಿ ಬರೆಯುವ ಒಂದು ಸಾಲು ಆ ಎಲ್ಲ ಸ್ಟಾರ್‌ಗಳಿಗಿಂತ ದೊಡ್ಡದು. ಇವತ್ತು ಭಾಗಾಕಾರ ಎರಡು ಸಲ ತಪ್ಪಿದರೂ ಬಿಡದೆ ಬೇರೆ ರೀತಿಯಲ್ಲಿ ಪ್ರಯತ್ನಿಸಿದಳು ಅಂತ ಒಂದು ದಿನ ಬರೆದಿದ್ದರು. ಜಾಣೆ ಅಂತ ಬರೆಯಲಿಲ್ಲ, ಗಮನಿಸಿ. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳಲ್ಲಿ ಕಂಡದ್ದು ಇದೇ. ನೀನು ಜಾಣ ಅಂತ ಹೊಗಳಿಸಿಕೊಂಡ ಮಕ್ಕಳು ಆಮೇಲೆ ಕಷ್ಟದ ಲೆಕ್ಕ ಬಂದಾಗ ಬೇಗ ಸೋತರು. ಶ್ರಮಪಟ್ಟೆ ಅಂತ ಹೊಗಳಿಸಿಕೊಂಡವರಲ್ಲಿ ಹೆಚ್ಚಿನವರು, ಕಷ್ಟವಾದರೂ ಏನಾದರೂ ಕಲಿಯಲು ಸಿಗುವಂಥದ್ದೇ ಬೇಕು ಅಂದರು. ಇನ್ನೊಂದು ವಿಷಯ ನನ್ನನ್ನು ಬೆಚ್ಚಿಬೀಳಿಸಿತು. ತಮ್ಮ ಅಂಕ ಎಷ್ಟು ಅಂತ ಬೇರೆ ಮಕ್ಕಳಿಗೆ ಬರೆದು ತಿಳಿಸಲು ಹೇಳಿದಾಗ, ಜಾಣ ಅನ್ನಿಸಿಕೊಂಡವರಲ್ಲೇ ಜಾಸ್ತಿ ಮಂದಿ ಅಂಕ ಏರಿಸಿ ಬರೆದಿದ್ದರು. ನಾವು ಹೊಗಳುವ ರೀತಿಗೂ ಮಗುವಿನ ಪ್ರಾಮಾಣಿಕತೆಗೂ ನಂಟಿದೆ ಅಂದರೆ, ಮನೆಯಲ್ಲೂ ಬಾಯಿಗೆ ಬಂದ ಹಾಗೆ ಜಾಣ ಮರಿ ಅನ್ನುವ ಮೊದಲು ಯೋಚಿಸಬೇಕು.

ಎರಡನೇ ದೂರು, ಒಳ್ಳೆಯ ಕೆಲಸದ ಪುಸ್ತಕ. ಮನೆಯಲ್ಲಿ ದಿನಾ ಮಾಡಿದ ಒಂದು ಒಳ್ಳೆಯ ಕೆಲಸ ಬರೆದು ಪೋಷಕರ ಸಹಿ ಹಾಕಿಸಬೇಕು. ರಾತ್ರಿ ಮಲಗುವ ಹೊತ್ತಿಗೆ ಏನು ಬರೆಯಲಿ ಅಂತ ಮಕ್ಕಳು ಹುಡುಕುತ್ತಾರೆ, ಸಿಗದಿದ್ದರೆ ಏನೋ ಒಂದು ಕಟ್ಟಿ ಬರೆಯುತ್ತಾರೆ. ತಡವಾಗಿ ಮನೆಗೆ ಬರುವ ತಂದೆ ತಾಯಿ ನೋಡದೆ ಸಹಿ ಹಾಕುತ್ತಾರೆ. ಇದನ್ನು ನಿಲ್ಲಿಸಬೇಕು. ಮೂರನೆಯದು ಚಿಕ್ಕದು: ತಾಳ್ಮೆಗೆ ಒಂದು ವಾರ ಸಾಲದು, ಹಳೆಯ ಪದಗಳು ಶುಕ್ರವಾರದ ಟೆಸ್ಟ್‌ನಲ್ಲಿ ಮತ್ತೆ ಬರುವ ಹಾಗೆ ಹಳೆಯ ಗುಣಗಳೂ ಮತ್ತೆ ಬರಬೇಕು.

ಇಂಥ ಕಾರ್ಯಕ್ರಮಗಳಿಂದ ನಿಜವಾಗಿ ಉಪಯೋಗ ಇದೆಯಾ ಅಂತ ಕೇಳುವವರಿಗೆ ಎರಡು ವಿಷಯ ಹೇಳಬೇಕು. 2010ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯ ಒಂದು ದೊಡ್ಡ ವರದಿ ಬಂತು. ಮೂರರಿಂದ ಐದನೇ ತರಗತಿಯವರೆಗಿನ ಮಕ್ಕಳಿಗೆ ಗುಣ ಬೆಳೆಸುವ ಏಳು ಕಾರ್ಯಕ್ರಮಗಳನ್ನು ನೋಡಿದ್ದರು. ಒಟ್ಟಾರೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮರುವರ್ಷ, 2011ರಲ್ಲಿ, ಜೋಸೆಫ್ ಡರ್ಲಾಕ್ ಮತ್ತು ಜೊತೆಗಾರರು ಇಂಥ 213 ಕಾರ್ಯಕ್ರಮಗಳ ಫಲಿತಾಂಶ ಒಟ್ಟುಗೂಡಿಸಿದರು, ಎರಡೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳು. ಅಲ್ಲಿ ನಡವಳಿಕೆಯೂ ಕಲಿಕೆಯೂ ಸುಧಾರಿಸಿತ್ತು. ಹೊರಗಿನ ತಜ್ಞರೇ ಬೇಕಾಗಿಲ್ಲ, ತರಗತಿಯ ಟೀಚರ್ ತಾವೇ ಮಾಡಿದರೂ ಫಲ ಸಿಗುತ್ತದೆ ಅಂತ ಅದರಲ್ಲಿ ಕಂಡಿತು. ಹಂತ ಹಂತವಾಗಿ, ಮಕ್ಕಳೇ ಮಾಡಿ ಕಲಿಯುವ ಹಾಗೆ, ಯಾವ ಗುಣ ಅಂತ ಸ್ಪಷ್ಟವಾಗಿ ಇಟ್ಟುಕೊಂಡು, ಅದಕ್ಕೆ ಸಾಕಷ್ಟು ಸಮಯ ಕೊಟ್ಟು ನಡೆಸಿದ ಕಡೆ ಫಲ ಚೆನ್ನಾಗಿತ್ತು. ಕಾರ್ಯಕ್ರಮದ ಹೆಸರು ಕೇಳಿ ಒಪ್ಪುವುದೂ ಬೇಡ, ತಳ್ಳಿಹಾಕುವುದೂ ಬೇಡ. ಆ ತರಗತಿಯಲ್ಲಿ ಅದು ಹೇಗೆ ನಡೆಯುತ್ತಿದೆ ಅಂತ ನೋಡಬೇಕು.

ನಿಮ್ಮ ಮಗುವಿನ ತರಗತಿಯಲ್ಲಿ ಇಂಥದ್ದು ಶುರುವಾದರೆ ಟೀಚರ್ ಹತ್ತಿರ ಕೇಳಿ: ಈ ವಾರದ ಗುಣ ಯಾವ ಪಾಠದಲ್ಲಿ, ಯಾವ ಕೆಲಸದಲ್ಲಿ ಬರುತ್ತದೆ? ಉತ್ತರ ಥಟ್ಟನೆ ಬಂದರೆ ಒಳ್ಳೆಯ ಕೈಯಲ್ಲಿದೆ ಅಂತ ತಿಳಿಯಿರಿ. ನಾನಂತೂ ಮುಂದಿನ ಪೋಷಕರ ಸಭೆಯಲ್ಲಿ ಚಾರ್ಟ್ ತೆಗೆಯಿರಿ, ಆ ಸಹಿ ಪುಸ್ತಕ ನಿಲ್ಲಿಸಿ ಅಂತ ಲಿಖಿತವಾಗಿ ಕೊಡುತ್ತಿದ್ದೇನೆ. ಇನ್ನೂ ಕೆಲವು ಪೋಷಕರು ಜೊತೆಗೆ ಸಹಿ ಹಾಕುತ್ತೇವೆ ಅಂದಿದ್ದಾರೆ. ಅದು ಆದ ದಿನ ಈ ರಿವ್ಯೂ ತಿದ್ದಿ ಐದಕ್ಕೆ ಐದು ಮಾಡುತ್ತೇನೆ.