ಡಚ್ಚರ ಜಂಟಿ ಗುತ್ತಿಗೆ: ಅಧ್ಯಯನಕ್ಕೆ ಯಾವುದು, ಆಫ್‌ಸ್ಲೌಟ್‌ಡೈಕೋ ಮಾಸ್‌ವ್ಲಾಕ್ಟೆ 2 ಓ?

ಡಚ್ ಹೂಳೆತ್ತುವ ಕಂಪನಿಗಳು ಕೈಜೋಡಿಸಿದ್ದರ ಬಗ್ಗೆ ಪ್ರಬಂಧ ಬರೆಯಬೇಕು, ಯಾವ ಯೋಜನೆ ತಗೊಳ್ಳಲಿ ಅಂತ ಕೇಳಿದ್ದೀರಿ. ಆಫ್‌ಸ್ಲೌಟ್‌ಡೈಕ್ ಅಂದರೆ ನೆದರ್‌ಲ್ಯಾಂಡ್ಸ್‌ನ ಝೌಡರ್‌ಝೇ ಕೊಲ್ಲಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು; ಮಾಸ್‌ವ್ಲಾಕ್ಟೆ 2 ಅಂದರೆ ರಾಟರ್‌ಡ್ಯಾಮ್ ಬಂದರಿಗಾಗಿ ಸಮುದ್ರದಲ್ಲಿ ಮರಳು ತುಂಬಿ ಮಾಡಿದ ಹೊಸ ಭೂಮಿ. ಎರಡೂ ನನಗೆ ಇಷ್ಟವೇ.

ಯಾಕೆ ಒಂದಾದರು ಅನ್ನೋದನ್ನು ಮೊದಲು ನೋಡಿ. 1916ರ ಪ್ರವಾಹದ ನಂತರ, 1918ರಲ್ಲಿ ಝೌಡರ್‌ಝೇ ಕೊಲ್ಲಿಯನ್ನು ಮುಚ್ಚುವ ಕಾನೂನು ಬಂತು. 32 ಕಿ.ಮೀ. ಅಣೆಕಟ್ಟು ಒಬ್ಬ ಗುತ್ತಿಗೆದಾರನ ಕೈಗೆ ಮೀರಿದ್ದು. ಹಾಗಾಗಿ ದೊಡ್ಡವರೆಲ್ಲ ಸೇರಿ ಎಂಯುಝಡ್ ಎಂಬ ಕಂಪನಿ ಕಟ್ಟಿದರು. ಮಾಸ್‌ವ್ಲಾಕ್ಟೆಯಲ್ಲಿ ಇದ್ದದ್ದು ಇಬ್ಬರೇ, ಬೊಸ್ಕಾಲಿಸ್ ಮತ್ತು ವಾನ್ ಓರ್ಡ್. ಬೇರೆಲ್ಲ ಕಡೆ ಪೈಪೋಟಿ ಮಾಡುವವರು! ರಾಟರ್‌ಡ್ಯಾಮ್ ಬಂದರಿಗಾಗಿ ವಿನ್ಯಾಸ, ನಿರ್ಮಾಣ, ನಿರ್ವಹಣೆ ಮೂರನ್ನೂ ಒಟ್ಟಿಗೆ ಹೊತ್ತರು. ಒಪ್ಪಂದ, ಹೊಣೆ ಹಂಚಿಕೆ ನಿಮ್ಮ ವಿಷಯವಾದರೆ ಇದೇ ಸರಿ.

ಕೆಲಸದ ರೀತಿ ಪೂರ್ತಿ ಬೇರೆ. ಹಳೆಯದರಲ್ಲಿ ವಿಲ್ಲೋ ಕಡ್ಡಿಗಳನ್ನು ಹೆಣೆದು ದೊಡ್ಡ ಚಾಪೆ ಮಾಡಿ, ಮೇಲೆ ಕಲ್ಲು ಹೇರಿ ತಳಕ್ಕೆ ಮುಳುಗಿಸುತ್ತಿದ್ದರು. ಸೆಳೆತಕ್ಕೆ ಕೊಚ್ಚಿಹೋಗದ ಗಟ್ಟಿ ಜೇಡಿಯನ್ನು ಅದೇ ಸಮುದ್ರದಿಂದ ಎತ್ತಿ ಸುರಿದರು. 1932ರ ಮೇ 28ರಂದು ಕೊನೆಯ ಬಾಯಿ ಮುಚ್ಚಿತು. ಕೈಕೆಲಸ, ಕೂಲಿಕಾರರ ಬದುಕು ಮುಖ್ಯ ಅನ್ನೋರಿಗೆ ಇಲ್ಲಿ ಜಾಸ್ತಿ ಸಿಗುತ್ತದೆ. ಮಾಸ್‌ವ್ಲಾಕ್ಟೆಯಲ್ಲಿ 2008ರಿಂದ ಹಡಗುಗಳೇ ಸಮುದ್ರತಳದ ಮರಳು ಹೀರಿ ತಂದು ಚಿಮ್ಮಿಸಿದವು. ಆ ಮರಳಲ್ಲಿ ಮ್ಯಾಮತ್ ಮೂಳೆಗಳೂ ಬಂದವು.

ಒಂದು ಮಾತು: ಆಫ್‌ಸ್ಲೌಟ್‌ಡೈಕ್ ಸ್ವತಃ ಹೊಸ ಭೂಮಿಯಲ್ಲ. ಭೂಮಿ ಬೇಕೆಂದರೆ ಅದೇ ಕೊಲ್ಲಿಯ ಒಂದು ಭಾಗವಾಗಿದ್ದು 1930ರಲ್ಲಿ ಒಣಗಿಸಿದ ವೀರಿಂಗರ್‌ಮೇರ್ ಅನ್ನೂ ಸೇರಿಸಿಕೊಳ್ಳಿ.