ಗೋಡೆಯ ಮೇಲೆ ಹನ್ನೆರಡು ಮಹಿಳೆಯರು: ಒಂದು ಕ್ಯಾಲೆಂಡರ್ ಕುರಿತು

ಕರ್ನಾಟಕದ ಇತಿಹಾಸದಲ್ಲಿ ಹೆಸರು ಉಳಿಸಿದ ಹನ್ನೆರಡು ಮಹಿಳೆಯರನ್ನು ತಿಂಗಳಿಗೊಬ್ಬರಂತೆ ಪರಿಚಯಿಸುವ ಗೋಡೆ ಕ್ಯಾಲೆಂಡರೊಂದನ್ನು ಕಾಸರಗೋಡು ಪೇಟೆಯ ಪುಸ್ತಕದಂಗಡಿಯಲ್ಲಿ 150 ರೂಪಾಯಿ ಕೊಟ್ಟು ತಂದು, ಆರು ತಿಂಗಳು ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ತೂಗುಹಾಕಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಾಗದ ದಪ್ಪವಾಗಿದೆ. ಹಾಲಿನ ಲೆಕ್ಕ ಬರೆಯಲು ಚೌಕಗಳಲ್ಲಿ ಸಾಕಷ್ಟು ಜಾಗವಿದ್ದು, ಶಾಯಿ ಹರಡುವುದಿಲ್ಲ.

ಪರಿಚಯದ ಬರಹಗಳು ಚೆನ್ನಾಗಿವೆ. ಕಿತ್ತೂರು ಚೆನ್ನಮ್ಮನ ಪುಟವು 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ ಕಾಳಗಕ್ಕೇ ನಿಲ್ಲದೆ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಆಕೆ ತೀರಿಕೊಂಡದ್ದನ್ನೂ ಹೇಳುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಕತ್ತಿ ಹಿಡಿಯದ ಇಬ್ಬರ ಪುಟಗಳು. ಅಚ್ಚುಕೂಟವೆಂಬುದೇ ಇಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಬೆನ್ನಿಗೇ, ಎಳೆಯ ವಯಸ್ಸಿನಲ್ಲಿ ವಿಧವೆಯಾಗಿ, ತಾನೇ ಕಾದಂಬರಿ ಬರೆದು, ತಾನೇ ಪ್ರಕಟಿಸಿ, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದ ನಂಜನಗೂಡು ತಿರುಮಲಾಂಬ ಬರುತ್ತಾರೆ. ಈ ಎರಡು ಹಾಳೆಗಳನ್ನು ಒಂದರ ಹಿಂದೆ ಒಂದು ಇಟ್ಟವರಿಗೆ ಪುಸ್ತಕದ ಬೆಲೆ ಗೊತ್ತಿದೆ.

ಚಿತ್ರಗಳ ಬಗ್ಗೆ ಅಷ್ಟು ಹೇಳಲಾರೆ. ಎಲ್ಲರಿಗೂ ಒಂದೇ ಮುಖ, ಒಂದೇ ಬಿಳುಪು. ಚಿತ್ರದುರ್ಗದ ಕೋಟೆಯ ಕಾವಲುಗಾರನ ಹೆಂಡತಿ ಓಬವ್ವನಿಗೂ ಜರಿಯಂಚಿನ ಪಟ್ಟೆಸೀರೆ, ತೋಳಿಗೆ ವಂಕಿ! ಒನಕೆಯೊಂದು ಇಲ್ಲದಿದ್ದರೆ ಮದುವೆ ಮನೆಗೆ ಹೊರಟವಳೆಂದೇ ತಿಳಿಯಬೇಕಿತ್ತು.

ನಮ್ಮ ಊರಿನವರಿಗೆ ಇದರಿಂದ ಇನ್ನೂ ಎರಡು ತೊಂದರೆಗಳಿವೆ. ರಜೆಗಳೆಲ್ಲ ಕರ್ನಾಟಕದವೇ ಆಗಿರುವುದರಿಂದ, ಮಕ್ಕಳ ಓಣಂ ರಜೆಗಾಗಿ ಮಲಯಾಳದ ಕ್ಯಾಲೆಂಡರನ್ನೂ ಪಕ್ಕದಲ್ಲಿ ತೂಗುಹಾಕಬೇಕಾಗಿದೆ; ಸೌರಮಾಸದ ಲೆಕ್ಕವಿಲ್ಲದ ಕಾರಣ ಸಂಕ್ರಮಣ ಎಂದೆಂದು ಇದರಲ್ಲಿ ತಿಳಿಯುವುದಿಲ್ಲ. ಎರಡನೆಯದು ಇದಕ್ಕಿಂತ ದೊಡ್ಡದು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿ ಚೆನ್ನಮ್ಮನ ಪುಟದಲ್ಲಿ, ಆಕೆಯ ಮಾವ ಶಿವಪ್ಪ ನಾಯಕನ ಹೆಸರಿನೊಂದಿಗೆ ಬೆಸೆದುಕೊಂಡಿರುವ ನಮ್ಮ ಬೇಕಲ ಕೋಟೆಯ ಸುಳಿವೇ ಇಲ್ಲ. ಚಂದ್ರಗಿರಿ ಹೊಳೆಯ ದಡದಲ್ಲಿ ಹುಟ್ಟಿ, ಕನ್ನಡದಲ್ಲೇ ಓದಿ, ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ಕನ್ನಡ ಕಾದಂಬರಿಗೆ ತಂದ ಸಾರಾ ಅಬೂಬಕ್ಕರ್ ಅವರಂತೂ ಹನ್ನೆರಡು ಪುಟಗಳಲ್ಲಿ ಎಲ್ಲಿಯೂ ಇಲ್ಲ.

ಈ ಬಗ್ಗೆ ಪ್ರಕಾಶಕರಿಗೆ ಫೋನ್ ಮಾಡಿದಾಗ, ‘ಅವರ ಊರು ಕೇರಳದಲ್ಲಿದೆಯಲ್ಲ’ ಎಂಬ ಉತ್ತರ ಬಂತು. ಸಾರಾ ಹುಟ್ಟಿದ್ದು 1936ರಲ್ಲಿ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ ಒಂದರಂದು. ಅದೇ ತಾರೀಕಿನ ಚೌಕದಲ್ಲಿ ಕ್ಯಾಲೆಂಡರಿನವರು ರಾಜ್ಯೋತ್ಸವವೆಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ.

ಮುಂದಿನ ವರ್ಷವೂ ಕೊಳ್ಳುತ್ತೇನೆ, ಅತ್ತಿಮಬ್ಬೆ ಮತ್ತು ತಿರುಮಲಾಂಬರಿಗಾಗಿ. ಸದ್ಯಕ್ಕೆ ಜೂನ್ 30ರ ಚೌಕದಲ್ಲಿ, ಹಾಲಿನ ಲೆಕ್ಕದ ಮೇಲ್ಗಡೆ, ಸಾರಾ ಅವರ ಹೆಸರನ್ನೂ ಹುಟ್ಟಿದ ವರ್ಷವನ್ನೂ ನಾನೇ ಬರೆದುಕೊಂಡಿದ್ದೇನೆ.